ಮೂರು ಸಾಲಿನ ತಿದ್ದುಪಡಿ

ಆ ವರ್ಷ, 2013ರಲ್ಲಿ, ಇಂಗ್ಲೆಂಡಿನ ನೈಋತ್ಯ ತುದಿಯ ನ್ಯೂಲಿನ್ ಬಂದರಿನಲ್ಲಿ ಫೋನಿದ್ದ ಪ್ರತಿ ಮನೆಗೂ ದಿನಕ್ಕೆ ನಾಲ್ಕೈದು ಕರೆ ಬರುತ್ತಿದ್ದವು. ನೀವು ಯಾವತ್ತಾದರೂ ಸಾಲ ಮಾಡಿದ್ದೀರಾ, ಕ್ರೆಡಿಟ್ ಕಾರ್ಡ್ ಇತ್ತೇ, ಅದರ ಜೊತೆಗೆ ಬ್ಯಾಂಕಿನವರು ನಿಮಗೆ ಬೇಡದ ವಿಮೆಯನ್ನು ಅಂಟಿಸಿದ್ದಾರೆಯೇ, ಆ ಹಣ ನಾವು ವಾಪಸು ಕೊಡಿಸುತ್ತೇವೆ, ಬಂದದ್ದರಲ್ಲಿ ಮೂರನೇ ಒಂದು ಪಾಲು ನಮಗೆ. ಹೀಗೆ ಕರೆ ಮಾಡಿದ ಏಜೆಂಟನೊಬ್ಬನಿಗೆ ತಾನು ಕೊಟ್ಟ ಉತ್ತರವನ್ನು ಲವ್‌ಡೇ ಟ್ರೆಗೆನ್ಜ ನನಗೆ ಹೇಳಿದಳು:

“ನೋಡಪ್ಪ ರಾಜ, ಮೊದಲು ಬಂದವನು ಇಡೀ ಮೀನು ತಿಂದ. ಈಗ ನೀನು ಬಂದು ಮುಳ್ಳಲ್ಲೂ ಮೂರನೇ ಒಂದು ಪಾಲು ಕೇಳ್ತಿದ್ದೀಯ. ನೀನು ಈ ಕೆಲಸ ಮಾಡೋದು ನಿಮ್ಮಮ್ಮನಿಗೆ ಗೊತ್ತಾ?”

ಫೋನಿಟ್ಟ ಮೇಲೆ ಅವಳಿಗೆ ತಮ್ಮ ಸಾಲ ನೆನಪಾಯಿತು. ಮರುದಿನ ಮಂಗಳವಾರ. ಚ್ಯಾಪೆಲ್ಲಿನ ಪಕ್ಕದ ಕೋಣೆಯಲ್ಲಿ ನಾನು ಕೂರುವ ದಿನ. ಮೂವತ್ತೊಂದು ವರ್ಷ ಊರಿನ ವಾರಪತ್ರಿಕೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ಮೇಲೆ, ಜನರ ಕಾಗದಪತ್ರ ನೋಡಿ, ಬೇಕಾದ ಕಡೆಗೆ ಬರೆದುಕೊಡುವ ಕೆಲಸ ಇಟ್ಟುಕೊಂಡಿದ್ದೆ. ಅದಕ್ಕೆ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಲವ್‌ಡೇ ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಹಿಂದೆ ಅವಳ ಗಂಡ ಡೆನ್ಜಿಲ್. ಅವನೂ ನಾನೂ ಒಂದೇ ಶಾಲೆಯಲ್ಲಿ ಓದಿದವರು; ಅವನಿಗೆ ನಾನು ಈಗಲೂ ಬರೀ ಹೆಡ್ಲಿ.

ವಿಷಯ ಇಷ್ಟು. 2002ರ ಅಕ್ಟೋಬರಿನಲ್ಲಿ ಮನೆಯ ಚಾವಣಿ ಹೊದಿಸಲು ಡೆನ್ಜಿಲ್ ಪಕ್ಕದ ಪೇಟೆಯಾದ ಪೆನ್‌ಜಾನ್ಸ್‌ನ ಬ್ಯಾಂಕಿನಲ್ಲಿ ಆರು ಸಾವಿರ ಪೌಂಡ್ ಸಾಲ ತೆಗೆದ. ಕಾಯಿಲೆ ಬಿದ್ದರೆ, ಕೆಲಸ ಹೋದರೆ, ಒಂದು ವರ್ಷದವರೆಗೆ ಕಂತು ಕಟ್ಟುವ ವಿಮೆ ಅದರ ಜೊತೆಗಿತ್ತು. ವಿಮೆಯ 1,290 ಪೌಂಡನ್ನು ಮೊದಲ ದಿನವೇ ಸಾಲಕ್ಕೆ ಸೇರಿಸಿ, ಅದಕ್ಕೂ ಬಡ್ಡಿ ಹಾಕಿದ್ದರು. ಮರುವರ್ಷವೇ ಅವನು ದುಡಿಯುತ್ತಿದ್ದ ಬೋಟು ಹೋಯಿತು. ಸಮುದ್ರದಲ್ಲಿ ಬೋಟುಗಳು ಹೆಚ್ಚಾದವೆಂದು ಸರ್ಕಾರ ಮಾಲೀಕರಿಗೆ ಹಣ ಕೊಟ್ಟು ಒಡೆಸುತ್ತಿದ್ದ ಕಾಲ ಅದು. ಮಾಲೀಕನಿಗೆ ಹಣ ಬಂತು. ಬೋಟಿನಲ್ಲಿ ದುಡಿದ ಐದು ಜನಕ್ಕೆ ಏನೂ ಬರಲಿಲ್ಲ.

“ಆಗ ಈ ವಿಮೆ ಕೇಳಬೇಕಿತ್ತಲ್ಲ?” ಎಂದೆ.

“ಕೇಳಿ ಇವನನ್ನ!” ಲವ್‌ಡೇ ಗಂಡನ ಕಡೆ ಬೆರಳು ತೋರಿಸಿದಳು. “ಅರ್ಜಿ ಹಾಕೋ ತಾರೀಕೇ ಮರೆತುಬಿಟ್ಟ. ಆರು ಕಂತು ತಪ್ಪಿತು, ವಸೂಲಿಯವರು ಬಾಗಿಲಿಗೆ ಬಂದರು. ನಾನು ಬೆಳಿಗ್ಗೆ ಮೀನು ಪ್ಯಾಕಿಂಗು, ಮಧ್ಯಾಹ್ನ ಪ್ರವಾಸಿಗರ ಮನೆ ಗುಡಿಸೋದು, ಎರಡೂ ಮಾಡಿದೆ. ಅಮ್ಮನ ಪಿಯಾನೋ ಮಾರಿದೆ. ಇವನ ಮರೆವಿಗೆ ಕೊಟ್ಟ ಬೆಲೆ ಅದು, ಬರ್ಕೊಳ್ಳಿ.”

ಡೆನ್ಜಿಲ್ ಕಿಟಕಿಯಿಂದಾಚೆ ನೋಡುತ್ತ ಹೇಳಿದ: “ಮರೆತುಹೋಯ್ತು ಮಾರಾಯ. ಏನ್ ಮಾಡೋದು.”

ಹತ್ತು ಪೌಂಡ್ ಶುಲ್ಕ ಕಟ್ಟಿ ಬ್ಯಾಂಕಿನಿಂದ ಅವನ ಸಾಲದ ಅರ್ಜಿಯ ಪ್ರತಿ ತರಿಸಿದೆವು. ಐದೂವರೆ ವಾರದಲ್ಲಿ ಬಂತು. ಅರ್ಜಿಯಲ್ಲಿ ಡೆನ್ಜಿಲನ ಕೈಬರಹ ಇದ್ದದ್ದು ಒಂದೇ ಕಡೆ, ಸಹಿಯಲ್ಲಿ. ಉಳಿದದ್ದನ್ನೆಲ್ಲ ಕೌಂಟರಿನ ಹುಡುಗಿ ದುಂಡಗೆ, ನೀಲಿ ಶಾಯಿಯಲ್ಲಿ ತುಂಬಿದ್ದಳು. ‘ಖಾಯಂ ಉದ್ಯೋಗಿ’ ಎಂಬ ಚೌಕದಲ್ಲಿ ಗುರುತು. ‘ಉದ್ಯೋಗದಾತ’ ಎಂಬಲ್ಲಿ: ಪಿಝಡ್ 1612.

“ಇದೇನು?”

“ನನ್ ಬೋಟಿನ ನಂಬರು. ಎಲ್ಲಿ ಕೆಲಸ ಅಂತ ಕೇಳಿದಳು, ಹೇಳಿದೆ. ಡಾಕ್ಟರ ಹತ್ರ, ತೆರಿಗೆಯವರ ಹತ್ರ, ಎಲ್ಲಾ ಕಡೆ ನಾವು ಹೇಳೋದು ಅದನ್ನೇ ಅಲ್ವಾ? ‘ಪಾಲಿಗೆ ಹೋಗ್ತೀನಿ’ ಅಂತಾನೂ ಹೇಳಿದೆ. ‘ನಮ್ಮಣ್ಣನೂ ಪಾಲಿಗೇ ಹೋಗೋದು’ ಅಂದಳು ಹುಡುಗಿ. ಪೆನ್ಸಿಲಿಂದ ಸಣ್ಣ ಇಂಟು ಗುರುತು ಹಾಕಿ, ಇಲ್ಲಿ ಸಹಿ ಮಾಡಿ ಅಂದಳು. ಮಾಡಿದೆ.”

ಪಾಲಿಗೆ ಹೋಗುವುದು ಎಂದರೆ ಹೀಗೆ: ಹಿಡಿದ ಮೀನು ಮಾರಿದ ಹಣದಲ್ಲಿ ಡೀಸೆಲ್ಲು, ಮಂಜುಗಡ್ಡೆ, ಊಟದ ಖರ್ಚು ಕಳೆದು, ಉಳಿದದ್ದರಲ್ಲಿ ಅರ್ಧ ಬೋಟಿಗೆ, ಅರ್ಧ ಆಳುಗಳಿಗೆ. ಮೀನು ಸಿಗದ ವಾರ ಕೂಲಿಯೂ ಇಲ್ಲ. ಸಂಬಳ, ರಜೆ, ನೋಟಿಸು ಯಾವುದೂ ಇಲ್ಲದ್ದರಿಂದ ಕಾನೂನಿನ ಲೆಕ್ಕದಲ್ಲಿ ಇವರೆಲ್ಲ ಸ್ವಂತ ಉದ್ಯೋಗಿಗಳು. ವಿಮೆಯ ಹನ್ನೊಂದನೇ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು: ಸ್ವಂತ ಉದ್ಯೋಗಿಗೆ ಕೆಲಸ ಹೋದರೆ ಪರಿಹಾರ ಸಲ್ಲದು. ಅಂದರೆ ಆ ವಿಮೆ ಮಾರಿದ ಗಳಿಗೆಯಿಂದಲೇ ಡೆನ್ಜಿಲನಿಗೆ ಉಪಯೋಗವಿಲ್ಲದ್ದು. ಪೆನ್‌ಜಾನ್ಸ್‌ನಲ್ಲಿ ಅಲ್ಲಿನ ಬೋಟುಗಳ ಮೇಲೆಲ್ಲ ಬರೆದಿರುವ ಪಿಝಡ್ ಎಂಬ ಎರಡು ಇಂಗ್ಲಿಷ್ ಅಕ್ಷರ ನೋಡಿ ಅದು ಬೋಟೆಂದು ತಿಳಿಯದವರು ಪ್ರವಾಸಿಗರು ಮಾತ್ರ.

ಇಷ್ಟನ್ನು ಒಂದೂವರೆ ಪುಟದಲ್ಲಿ ಬರೆದು ಕಳಿಸಿದೆ. ಏಳು ವಾರದ ಮೇಲೆ ಬ್ಯಾಂಕು ಉತ್ತರಿಸಿತು. ‘ಅರ್ಜಿಯ ಪ್ರಕಾರ ನೀವು ಪಿಝಡ್ 1612 ಸಂಸ್ಥೆಯ ಖಾಯಂ ಉದ್ಯೋಗಿಯಾಗಿದ್ದಿರಿ. ಆದ್ದರಿಂದ ವಿಮೆ ನಿಮಗೆ ಸೂಕ್ತವಾಗಿಯೇ ಇತ್ತು. ದೂರನ್ನು ತಿರಸ್ಕರಿಸಲಾಗಿದೆ.’

“ಸಂಸ್ಥೆಯಂತೆ!” ಲವ್‌ಡೇಗೆ ಕೋಪದಲ್ಲಿ ನಗು ಬಂತು. “ನಲವತ್ತೆರಡಡಿ ಉದ್ದದ ಸಂಸ್ಥೆ. ಅದರ ಕಕ್ಕಸು ಒಂದು ಬಕೀಟು.”

ನಾನು ನಗಲಿಲ್ಲ. ಹುಡುಗಿ ಏನು ಕೇಳಿದಳು, ಇವನು ಏನು ಹೇಳಿದ ಎಂಬುದಕ್ಕೆ ಸಾಕ್ಷಿ ಇವನ ಮಾತೊಂದೇ. ಅವಳು ಮದುವೆಯಾಗಿ ನ್ಯೂಜಿಲೆಂಡಿಗೆ ಹೋಗಿ ವರ್ಷಗಳಾಗಿದ್ದವು. “ಬೇರೆ ಯಾವ ಕಾಗದವೂ ಇಲ್ವಾ? ಬ್ಯಾಂಕಿಂದ ಬಂದದ್ದು ಒಂದು ಚೂರಾದರೂ?”

“ಇಲ್ಲ” ಎಂದ ಡೆನ್ಜಿಲ್, ತುಸು ಬೇಗನೇ.

ಗುರುವಾರ ಅವನೊಬ್ಬನೇ ನಮ್ಮ ಮನೆಗೆ ಬಂದ. ನಾನು ಕಿಟಕಿಯ ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದೆ. ಒಂದು ಕಾಗದ ಮುಂದೆ ಹಿಡಿದ. ಒಂಬತ್ತು ವರ್ಷ ಕಾರಿನ ಕೈಪಿಡಿಯೊಳಗಿದ್ದು ಮಡಿಕೆಯ ಗೆರೆಯಲ್ಲಿ ಹರಿಯುವಂತಾಗಿತ್ತು. ಲವ್‌ಡೇಗೆ ಕಾರು ಓಡಿಸಲು ಬರುವುದಿಲ್ಲ.

ತಾರೀಕು 2004ರ ಮಾರ್ಚ್ 9. ಅದೇ ಬ್ಯಾಂಕಿನ ವಿಮಾ ವಿಭಾಗ. ‘ನೀವು ಪಾಲಿನ ಮೇಲೆ ದುಡಿಯುವ ಮೀನುಗಾರರೆಂದು, ಅಂದರೆ ಸ್ವಂತ ಉದ್ಯೋಗಿಯೆಂದು ನಮಗೆ ಖಚಿತವಾಗಿದೆ. ಸಾಲದ ಅರ್ಜಿಯಲ್ಲಿ ಖಾಯಂ ಉದ್ಯೋಗಿಯೆಂದು ನೀವು ಸುಳ್ಳು ಹೇಳಿಕೆ ನೀಡಿದ್ದೀರಿ. ಪರಿಹಾರ ಸಲ್ಲದು.’

ಎರಡು ಸಲ ಓದಿದೆ. 2004ರಲ್ಲಿ ಪರಿಹಾರ ಕೇಳಿದಾಗ ಅವನು ಸ್ವಂತ ಉದ್ಯೋಗಿ. 2013ರಲ್ಲಿ ಹಣ ವಾಪಸು ಕೇಳಿದಾಗ ಖಾಯಂ ಉದ್ಯೋಗಿ. ಕೊಡಬೇಕಾದಾಗಲೆಲ್ಲ ಅವನು ಇನ್ನೊಬ್ಬ.

“ಅಂದರೆ ವಿಮೆ ಕೇಳಿ ಅರ್ಜಿ ಹಾಕಿದ್ದೆ ನೀನು.”

“ಹಾಕಿದ್ದೆ. ತಾರೀಕಿಗೆ ಸರಿಯಾಗಿ.”

“ಮತ್ತೆ ಲವ್‌ಡೇ ಹತ್ರ ಮರೆತೆ ಅಂದಿದ್ದು?”

ಅವನು ಬಣ್ಣದ ಡಬ್ಬಿಯ ಕಡೆ ನೋಡಿದ. “ಅವರಪ್ಪ ಚ್ಯಾಪೆಲ್ಲಿನಲ್ಲಿ ಉಪದೇಶ ಮಾಡ್ತಿದ್ದೋರು, ಗೊತ್ತಲ್ಲ ನಿನಗೆ. ಆ ಮನೇಲಿ ಸುಳ್ಳು ಅನ್ನೋದು ಕಳ್ಳತನಕ್ಕಿಂತ ದೊಡ್ಡದು. ಬ್ಯಾಂಕು ಅಚ್ಚು ಹಾಕಿ ಕಳಿಸಿದೆ, ಸಾಲದ ಅರ್ಜಿ ಕೆಳಗೆ ನನ್ನ ಸಹಿ ಇದೆ. ನಾನು ಅಲ್ಲ ಅಂದರೆ ಯಾರು ನಂಬ್ತಾರೆ? ಸುಳ್ಳುಗಾರ ಅನ್ನಿಸ್ಕೊಳ್ಳೋದಕ್ಕಿಂತ ದಡ್ಡ ಅನ್ನಿಸ್ಕೊಳ್ಳೋದು ಮೇಲು ಅಂತ ಅಂದ್ಕೊಂಡೆ. ಸ್ವಲ್ಪ ದಿನ ಆದ್ಮೇಲೆ ನನಗೇ ಅನುಮಾನ ಬಂತು ಹೆಡ್ಲಿ. ನಾನೇ ಹಾಗೆ ಹೇಳಿದ್ನೇನೋ ಅಂತ.”

ನಾನು ಕುಂಚ ಕೆಳಗಿಟ್ಟೆ. ಪತ್ರಿಕೆಯಲ್ಲಿ ಬೋಟು ಮುಳುಗಿದ ಸುದ್ದಿ ಬರೆದಿದ್ದೇನೆ, ಬೆಂಕಿಯದ್ದು ಬರೆದಿದ್ದೇನೆ, ಬರೆದ ಮೇಲೆ ತಿರುಗಿ ನೋಡಿದ್ದಿಲ್ಲ. ಮಂಡಿ ಸವೆಯುವಷ್ಟು ದುಡಿದ ಮನುಷ್ಯನಿಗೆ, ಅವನು ಬಾಯಿಂದ ಆಡಿದ ಮಾತಿನ ಮೇಲೆಯೇ ಅನುಮಾನ ಬರುವಂತೆ ಮಾಡಿದ್ದ ಆ ಒಂದು ವಾಕ್ಯವನ್ನು ಮೂರನೇ ಸಲ ಓದಿದೆ.

“ಈ ಕಾಗದ ಇಲ್ಲದೆ ನಿನ್ನ ಕೇಸು ನಿಲ್ಲಲ್ಲ. ಇದು ಹೊರಗೆ ಬಂದರೆ ಲವ್‌ಡೇಗೂ ಗೊತ್ತಾಗುತ್ತೆ.”

“ಅದಕ್ಕೇ ಮೊದಲು ಇಲ್ಲಿಗೆ ಬಂದೆ. ಇವತ್ತು ಸಂಜೆ ಹೇಳ್ತೀನಿ. ನಾನೇ ಹೇಳ್ಬೇಕು.”

ಸಂಜೆ ಏನಾಯಿತೋ ನನಗೆ ಗೊತ್ತಿಲ್ಲ. ಮುಂದಿನ ಮಂಗಳವಾರ ಬಂದಾಗ ಇಬ್ಬರ ನಡುವೆ ಒಂದು ಖಾಲಿ ಕುರ್ಚಿ ಇತ್ತು. ಲವ್‌ಡೇ ನನ್ನೊಡನೆ ಮಾತ್ರ ಮಾತಾಡಿದಳು: “ಎರಡೂ ಕಾಗದ ಒಟ್ಟಿಗೆ ಕಳಿಸಿ. ಒಂದರ ಪಕ್ಕ ಒಂದು ಇಟ್ಟು ಕಳಿಸಿ.”

ಹಾಗೇ ಕಳಿಸಿದೆ. ಈ ಸಲ ಏಳು ವಾರ ಬೇಕಾಗಲಿಲ್ಲ. ಹನ್ನೊಂದನೇ ದಿನ ಪೆನ್‌ಜಾನ್ಸ್ ಶಾಖೆಗೆ ಬರಹೇಳಿದರು. ಗಂಡಹೆಂಡತಿ ನನ್ನನ್ನೂ ಕರೆದೊಯ್ದರು. ಬ್ರಿಸ್ಟಲಿನಿಂದ ಬಂದಿದ್ದ ಮಿಸ್ ಹ್ಯಾರಪ್ ಎಂಬ ಅಧಿಕಾರಿ ಗಾಜಿನ ಕೋಣೆಯಲ್ಲಿ ಚಹಾ, ಬಿಸ್ಕತ್ತು ಇಟ್ಟುಕೊಂಡು ಕಾದಿದ್ದಳು. ವಿಮೆಯ ಹಣ, ಅದಕ್ಕೆ ಹಾಕಿದ ಬಡ್ಡಿ, ಇಷ್ಟು ವರ್ಷ ಇಟ್ಟುಕೊಂಡದ್ದಕ್ಕೆ ಬಡ್ಡಿ, ಎಲ್ಲವನ್ನೂ ಪೂರ್ತಿ ಕೊಡುವುದಾಗಿ ಹೇಳಿ ಒಪ್ಪಿಗೆ ಪತ್ರ ಮುಂದಿಟ್ಟಳು. ಅದರ ಮೊದಲ ಸಾಲು: ‘ಯಾವುದೇ ತಪ್ಪನ್ನು ಒಪ್ಪಿಕೊಳ್ಳದೆ, ಸೌಹಾರ್ದದ ಸಲುವಾಗಿ.’

ಡೆನ್ಜಿಲ್ ಪೆನ್ನು ಮುಟ್ಟಲಿಲ್ಲ. “ನಾನು ಸುಳ್ಳು ಹೇಳಿದೆ ಅಂತ ಬರೆದಿದ್ದೀರಲ್ಲಮ್ಮ, ಅದೇನಾಯ್ತು?”

“ಅದು ಹಳೇ ಪತ್ರ ಸರ್. ವಿಮಾ ವಿಭಾಗದವರು ಬರೆದದ್ದು. ನಮ್ಮ ವಿಭಾಗ ಬೇರೆ.”

“ತಲೇ ಮೇಲೆ ಹೆಸರು ಒಂದೇ ಇದೆ.”

“ನಿಮಗೆ ಪೂರ್ತಿ ಹಣ ಬರ್ತಿದೆ ಸರ್.”

“ಹಣ ನೀವು ತಗೊಂಡಿದ್ರಿ, ಕೊಡ್ತಿದ್ದೀರಿ. ಸುಳ್ಳುಗಾರ ಅಂದಿದ್ರಲ್ಲ, ಅದನ್ನೂ ವಾಪಸ್ ತಗೊಳ್ಳಿ.”

ಮಿಸ್ ಹ್ಯಾರಪ್ ಕಾಗದಗಳನ್ನು ನೇರ ಮಾಡಿದಳು. ಕೆಟ್ಟವಳೆನ್ನಿಸಲಿಲ್ಲ, ಆ ದಿನ ಅವಳಿಗೆ ಇಂಥ ಇನ್ನೂ ಒಂಬತ್ತು ಭೇಟಿಗಳಿದ್ದವು. “ಹಳೆ ಪತ್ರದ ವಾಕ್ಯ ತೆಗೆಯೋ ಅಧಿಕಾರ ನನಗಿಲ್ಲ ಸರ್.”

“ಬರೆಯೋ ಅಧಿಕಾರ ಯಾರಿಗಿತ್ತು?”

ಮಿಸ್ ಹ್ಯಾರಪ್ ಬಿಸ್ಕತ್ತಿನ ತಟ್ಟೆಯನ್ನು ನಮ್ಮ ಕಡೆ ಸರಿಸಿದಳು. ಒಂದು ಮಾತು ನಾನು ಹೇಳಲೇಬೇಕಿತ್ತು, ಹೇಳಿದೆ: ಇವತ್ತು ಬಿಟ್ಟರೆ ಮುಂದಿನ ದಾರಿ ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ಒಂಬುಡ್ಸ್‌ಮನ್, ಅಲ್ಲಿ ತಿಂಗಳುಗಟ್ಟಲೆ ಆಗಬಹುದು, ಇಷ್ಟೇ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಡೆನ್ಜಿಲ್ ಹೆಂಡತಿಯ ಕಡೆ ತಿರುಗಿದ. ಆ ಹಣ ಅವನದಕ್ಕಿಂತ ಹೆಚ್ಚು ಅವಳ ದುಡಿಮೆಯದು. ಲವ್‌ಡೇ ಒಪ್ಪಿಗೆ ಪತ್ರವನ್ನು ಮಿಸ್ ಹ್ಯಾರಪ್‌ಳ ಕಡೆಗೆ ತಳ್ಳಿದಳು.

“ಬಿಸ್ಕತ್ತಿಗೆ ಥ್ಯಾಂಕ್ಸ್ ಕಣಮ್ಮ. ಏಳಯ್ಯ ಡೆನ್ಜಿಲ್.” ಎರಡು ವಾರಕ್ಕೂ ಮೇಲೆ ಅವನೊಡನೆ ಅವಳಾಡಿದ ಮೊದಲ ಮಾತು ಅದಿರಬೇಕು.

ಪತ್ರಿಕೆಯಲ್ಲಿ ತಪ್ಪಾದರೆ ನಾವು ತಿದ್ದುಪಡಿ ಹಾಕುತ್ತಿದ್ದೆವು. ಅದಕ್ಕೊಂದು ಕ್ರಮವಿದೆ: ಎಂದು ಏನೆಂದು ಬರೆದೆವು, ಅದು ತಪ್ಪು, ನಿಜ ಇದು. ಮನೆಗೆ ಬಂದು ಅದೇ ಕ್ರಮದಲ್ಲಿ ಮೂರು ಸಾಲು ಬರೆದೆ. ‘2004ರ ಮಾರ್ಚ್ 9ರ ಪತ್ರದಲ್ಲಿ, ಶ್ರೀ ಡೆನ್ಜಿಲ್ ಟ್ರೆಗೆನ್ಜ ಅವರು ಸುಳ್ಳು ಹೇಳಿಕೆ ನೀಡಿದ್ದಾರೆಂದು ಬರೆದಿದ್ದೆವು. ಅದು ತಪ್ಪು. ತಮ್ಮ ಕೆಲಸದ ಬಗ್ಗೆ ಅವರು ನಮ್ಮ ಸಿಬ್ಬಂದಿಗೆ ನಿಜವನ್ನೇ ಹೇಳಿದ್ದರು.’ ಇದಕ್ಕೆ ಸಹಿ ಬಂದರೆ ಇವನೂ ಸಹಿ ಮಾಡುತ್ತಾನೆ ಎಂದು ಬ್ಯಾಂಕಿಗೆ ಕಳಿಸಿದೆ.

ಮೊದಲು ಬಂದ ಉತ್ತರ: ‘ನಿಮಗೆ ಬೇಸರವಾಗಿದ್ದರೆ ವಿಷಾದಿಸುತ್ತೇವೆ.’ ವಾಪಸು ಕಳಿಸಿದೆವು. ಎರಡನೆಯದು: ‘ಪದಗಳ ಆಯ್ಕೆ ಇನ್ನಷ್ಟು ಉತ್ತಮವಾಗಿರಬಹುದಿತ್ತು.’ ಅದನ್ನೂ ಕಳಿಸಿದೆವು. ಕಡತ ಒಂಬುಡ್ಸ್‌ಮನ್ ಬಳಿ ಹೋಯಿತು. ಚಳಿಗಾಲ ಕಳೆಯಿತು. ಪರಿಚಯದವರಿಗೆಲ್ಲ ಚೆಕ್ ಬರುತ್ತಿತ್ತು. ಒಬ್ಬ ಹೊಸ ಟಿವಿ ತಂದ, ಒಬ್ಬ ಹೆಂಡತಿಯನ್ನು ಸ್ಪೇನಿಗೆ ಕರೆದೊಯ್ದ. ಬಂದರಿನಲ್ಲಿ ಡೆನ್ಜಿಲನನ್ನು ರೇಗಿಸುತ್ತಿದ್ದರು: “ಏನಪ್ಪಾ, ರಾಣಿ ಬಂದು ಕ್ಷಮೆ ಕೇಳಬೇಕೇನು ನಿನಗೆ?” ಲವ್‌ಡೇ ಮೀನು ಪ್ಯಾಕಿಂಗಿಗೆ ಹೋಗುವುದು ನಿಲ್ಲಲಿಲ್ಲ.

ಎಂಟನೇ ತಿಂಗಳು, ತೀರ್ಪಿಗೆ ಮುಂಚೆಯೇ, ಬ್ಯಾಂಕಿನ ಲಕೋಟೆ ಬಂತು. ಇಬ್ಬರೂ ಅದನ್ನು ಒಡೆಯದೆ ಮಂಗಳವಾರದವರೆಗೆ ಇಟ್ಟುಕೊಂಡು, ನನ್ನ ಮುಂದೆ ಒಡೆದರು. ಚೆಕ್ಕಿನ ಜೊತೆ ಒಂದು ಹಾಳೆ. ಮೂರು ಸಾಲು, ನಾನು ಬರೆದ ಹಾಗೆಯೇ, ತಾರೀಕಿನ ಸಮೇತ. ಕೆಳಗೆ ‘ಗ್ರಾಹಕ ಸಂಪರ್ಕ ವಿಭಾಗ’ ಎಂದಿತ್ತು. ಮನುಷ್ಯರ ಹೆಸರು ಇರಲಿಲ್ಲ. ಸುಳ್ಳುಗಾರನೆಂದು ಕರೆಯುವಾಗ ಇವನ ಪೂರ್ತಿ ಹೆಸರು ಬೇಕಾಗಿತ್ತು. ತಪ್ಪಾಯಿತೆನ್ನುವಾಗ ತಮ್ಮದೊಂದು ಹೆಸರು ಹಾಕಲು ಆ ಇಡೀ ಬ್ಯಾಂಕಿನಲ್ಲಿ ಒಬ್ಬರೂ ಸಿಗಲಿಲ್ಲ.

ಡೆನ್ಜಿಲ್ ನಿಂತುಕೊಂಡೇ ಓದಿ ಹಾಳೆಯನ್ನು ಹೆಂಡತಿಗೆ ಕೊಟ್ಟ. ಅವಳು ತುಟಿಯಾಡಿಸುತ್ತ ಓದಿದಳು.

“ಇದನ್ನ ಅವತ್ತೇ ನನಗೆ ಹೇಳ್ಬೇಕಿತ್ತು ನೀನು,” ಎಂದಳು.

“ಹೇಳಿದ್ರೆ ನಂಬ್ತಿದ್ದೆಯಾ?”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಯೋಚಿಸಿದಳು.

“ಒಂದು ರಾತ್ರಿ ನಂಬ್ತಿರಲಿಲ್ಲವೇನೋ,” ಎಂದಳು. “ಬೆಳಿಗ್ಗೆ ಎದ್ದು ಹೋಗಿ ಆ ಬ್ಯಾಂಕಿನ ಗಾಜು ಒಡೀತಿದ್ದೆ.”

ಡೆನ್ಜಿಲ್ ಅವತ್ತೂ ನಡುವೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಮುಖ ಮುಚ್ಚಿಕೊಂಡ. ಲವ್‌ಡೇ ಹಾಳೆಯನ್ನು ಮಡಿಸಲು ಹೋದವಳು ಮಡಿಸದೆ, ಗೆರೆ ಬೀಳದಂತೆ ನನ್ನ ಮೇಜಿನ ಮೇಲೆ ಹರವಿ, ಮೂರು ಪ್ರತಿ ತೆಗೆದುಕೊಡಿ ಎಂದಳು.