ಏರುದಾರಿಯ ಹಳದಿ ಮನೆ

ಕಡಲ ದಂಡೆಯ ಆ ಬಣ್ಣದ ಊರನ್ನು ನೋಡಬೇಕೆಂಬ ಆಸೆ ನಿಜಕ್ಕೂ ನರ್ಸಕ್ಕನದಲ್ಲ, ಅವಳ ಗೆಳತಿಯದು. ಇಬ್ಬರೂ ಒಂದೇ ವಾರ್ಡಿನಲ್ಲಿ ದುಡಿದು ತಲೆ ನರೆಸಿಕೊಂಡವರು. ಪಾಳಿಯ ಬಿಡುವಿನಲ್ಲೆಲ್ಲ ಯಾವುದೋ ಹಳೇ ಕ್ಯಾಲೆಂಡರಿನ ಚಿತ್ರ ತೋರಿಸಿ ತೋರಿಸಿ ಗೆಳತಿ ಇವಳಿಗೂ ಆ ಹುಚ್ಚು ಹತ್ತಿಸಿದ್ದಳು. ನಿವೃತ್ತಿಯಾಗಿ, ಟಿಕೆಟ್ಟೂ ಆಗಿ, ಇನ್ನೇನು ಹೊರಡಬೇಕು ಎನ್ನುವಾಗ ಗೆಳತಿಯ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು.

"ನೀನಾದ್ರೂ ಹೋಗ್ಬಾರೇ. ನನ್ನ ಪಾಲಿಂದೂ ನೀನೇ ನೋಡ್ಕೊಂಡು ಬಾ," ಎಂದು ಫೋನಿನಲ್ಲಿ ಹೇಳುವಾಗ ಹಿಂದೆ ಕೂಸು ಒಂದೇ ಸಮನೆ ಕಿರುಚುತ್ತಿತ್ತು.

ನರ್ಸಕ್ಕನಿಗೆ ಮದುವೆಯಾಗಿರಲಿಲ್ಲ. ತಮ್ಮಂದಿರ ಓದು, ಅಮ್ಮನ ಕಾಯಿಲೆ ಎನ್ನುತ್ತ ವಯಸ್ಸು ಕೈಜಾರಿತ್ತು. ಒಂಟಿಯಾಗಿರುವುದು ಅವಳಿಗೆ ಹೊಸದೇನಲ್ಲ. ಗುರುತಿಲ್ಲದ ಊರಿನಲ್ಲಿ ಒಂಟಿಯಾಗಿರುವುದು ಹೊಸದು.

ಊರೇನೋ ಚಿತ್ರದಂತೆಯೇ ಇತ್ತು. ಬಂದರಿನಿಂದ ಗುಡ್ಡದ ನೆತ್ತಿಯವರೆಗೆ ಒಂದರ ಹೆಗಲ ಮೇಲೊಂದು ಕೂತಂತೆ ಮನೆಗಳು. ಒಂದಕ್ಕೆ ಅರಿಶಿನದ ಹಳದಿ, ಪಕ್ಕದ್ದಕ್ಕೆ ಗಿಳಿಹಸಿರು, ಅದರಾಚೆಯದಕ್ಕೆ ಯಾರ ಮೇಲೋ ಹಟಕ್ಕೆ ಬಿದ್ದು ಬಳಿದಂಥ ಕೆಂಪು. ಉಪ್ಪುಗಾಳಿಗೆ ಹಕ್ಕಳೆ ಎದ್ದ ಕಡೆ ಹಿಂದಿನ ಬಣ್ಣ ಇಣುಕುತ್ತಿತ್ತು. ಕಾಲು ಸೋಲುವವರೆಗೆ ಓಣಿ ಓಣಿ ಅಲೆದಳು. "ಅಯ್ಯೋ, ಅಲ್ನೋಡೇ!" ಎಂದು ಬಾಯಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡಳು. ಮಧ್ಯಾಹ್ನ ಊಟಕ್ಕೆ ಕೂತಾಗ ಮಾಣಿ, "ಒಬ್ಬರೇ ತಾನೆ?" ಎಂದವನೇ ಎದುರಿನ ಕುರ್ಚಿಯನ್ನು ಬೇರೆ ಟೇಬಲಿಗೆ ಎಳೆದುಕೊಂಡು ಹೋದ. ಕುರ್ಚಿ ಹೋಯಿತೆಂದು ಯಾರಾದರೂ ಅಳುತ್ತಾರೆಯೇ? ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಅರ್ಧಕ್ಕೇ ಎದ್ದಳು.

ಹಾಗೆ ಎದ್ದು ಮೆಟ್ಟಿಲುಗಳ ಏರುದಾರಿ ಹತ್ತುತ್ತಿದ್ದಾಗಲೇ ಮೇಲಿನಿಂದ ಒದ್ದೆಯಾರಿದ ಬೆಡ್‌ಶೀಟೊಂದು ಅವಳ ಕಾಲಬುಡದಲ್ಲಿ ಬಿತ್ತು.

"ಏನಮ್ಮಾ, ಸ್ವಲ್ಪ ಮೇಲೆ ತಂದ್ಕೊಡ್ತೀಯಾ? ಮಂಡಿ ನೋವು ಕಣೇ," ಹಳದಿ ಮನೆಯ ಮಹಡಿಯಿಂದ ಹಣ್ಣು ಹಣ್ಣು ಮುದುಕಿಯೊಬ್ಬಳು ಬಗ್ಗಿ ಕೂಗಿದಳು.

ಕೊಟ್ಟು ಹೊರಡಬೇಕೆಂದಿದ್ದ ನರ್ಸಕ್ಕನ ಕೈಗೆ ಅಜ್ಜಿ ಬಟ್ಟೆಯ ಎರಡು ತುದಿಗಳನ್ನು ತುರುಕಿಬಿಟ್ಟಳು. ಇಬ್ಬರೂ ಹಿಂದೆ ಸರಿದು ಬಿಗಿಯಾಗಿ ಎಳೆದು ಕೊಡವಿ, ಮುಂದೆ ಬಂದು ತುದಿಗೆ ತುದಿ ಸೇರಿಸಿದರು. ಬೆರಳಿಗೆ ಬೆರಳು ತಾಗಿತು.

"ಭಾರಿ ಚುರುಕು ಕಣೇ ನಿನ್ನ ಕೈ!"

"ಆಸ್ಪತ್ರೇಲಿದ್ದೆ ಅಜ್ಜಿ. ಜೀವಮಾನ ಎಲ್ಲ ಇದೇ ಆಯ್ತು."

"ಮನೇಲಿ ಯಾರು ಹಿಡ್ಕೊಳ್ತಾರೆ?"

"ಒಂದು ತುದಿನ ಬಾಗಿಲ ಸಂದಿಗೆ ಸಿಕ್ಕಿಸ್ತೀನಿ."

"ನಾನು ಗದ್ದದಲ್ಲಿ ಒತ್ತಿ ಹಿಡ್ಕೊಳ್ತೀನಿ. ನೋಡಿದೋರು ಬಿದ್ದು ಬಿದ್ದು ನಗಬೇಕು!"

ಇಬ್ಬರೂ ನಕ್ಕರು. ಚಹಾ ಆಯಿತು. ಹೊರಡುವಾಗ ಅಜ್ಜಿ, "ನಾಳೇನೂ ಬಾ," ಎಂದಳು.

ಮರುದಿನದ ದೋಣಿ ಸುತ್ತಾಟವನ್ನು ಬಿಟ್ಟು, ಬಿಸ್ಕತ್ತಿನ ಪೊಟ್ಟಣ ಹಿಡಿದು ನರ್ಸಕ್ಕ ಮತ್ತೆ ಏರುದಾರಿ ಹತ್ತಿದಳು. ತಿರುವಿನಲ್ಲಿ ತಲೆಯೆತ್ತಿದರೆ ಅಜ್ಜಿ ಮಹಡಿಯಲ್ಲಿ ನಿಂತು ಆಚೆ ಈಚೆ ನೋಡುತ್ತಿದ್ದಳು. ಕೆಳಗೆ ಬ್ಯಾಗು ಹೊತ್ತ ಪ್ರವಾಸಿಯೊಬ್ಬ ಬಂದ. ಅಜ್ಜಿ ಕ್ಲಿಪ್ಪು ಕಿತ್ತಳು, ಬಟ್ಟೆಯನ್ನು ಮೆಲ್ಲನೆ ಕಂಬಿಯಾಚೆ ತಳ್ಳಿದಳು, ಆಮೇಲೆ "ಏನಪ್ಪಾ" ಎಂದು ಕೂಗಿದಳು.

ನರ್ಸಕ್ಕನ ಮುಖ ಬಿಸಿಯಾಯಿತು. ತಾನು ಎಂಥ ಪೆದ್ದಿ! ತಿರುಗಿ ಹೊರಟೇಬಿಟ್ಟಳು. ನಾಲ್ಕು ಮೆಟ್ಟಿಲು ಇಳಿದವಳಿಗೆ ಮುಂದೆ ಹೋಗುವುದೆಲ್ಲಿಗೆ ಎಂದು ಹೊಳೆಯಲಿಲ್ಲ. ಅಲ್ಲೇ ಕೂತಳು. ಆತ ನಗುನಗುತ್ತಾ ಇಳಿದು ಹೋದ ಮೇಲೆ ಎದ್ದು ಹತ್ತಿದಳು.

ಬಾಗಿಲಲ್ಲಿ ಅವಳನ್ನು ಕಂಡು ಅಜ್ಜಿ ಕಕ್ಕಾಬಿಕ್ಕಿಯಾದಳು. "ನೋಡಿಬಿಟ್ಯಾ?"

"ಹ್ಞೂಂ."

ಅಜ್ಜಿ ಸೆರಗಿನಿಂದ ಬಾಯೊರೆಸಿಕೊಂಡಳು. "ಸುಮ್ನೆ ಬನ್ನಿ ಅಂದ್ರೆ ಯಾರು ಬರ್ತಾರೆ, ಹೇಳು? ನಾಳೆ ಬಾ ಅಂತ ಎಲ್ಲರಿಗೂ ಹೇಳ್ತೀನಿ. ಬಂದೋಳು ನೀನೊಬ್ಬಳೇ."

ಮಡಿಸಲು ಏನೂ ಉಳಿದಿರಲಿಲ್ಲ. ಇಬ್ಬರೂ ಮಹಡಿಯಲ್ಲಿ ಕೂತು ಬಿಸ್ಕತ್ತು ತಿಂದರು. ಕೆಳಗಿನ ಮನೆಗಳ ಬಣ್ಣ ಒಂದೊಂದಾಗಿ ಮಂಕಾಗುತ್ತಿತ್ತು.

"ಯಾವಾಗ ಹೊರಡೋದು?"

"ನಾಳೆ ಬೆಳಿಗ್ಗೆ ಅಜ್ಜಿ."

"ಹೊರಡಲೇಬೇಕಲ್ಲ," ಎಂದು ಅಜ್ಜಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ರೈಲು ದಂಡೆಯ ಗುಂಟ ಬಳಸಿ ಹೋಗುವಾಗ ಇಡೀ ಗುಡ್ಡ ಒಮ್ಮೆಲೇ ಕಣ್ಣಿಗೆ ಬಿತ್ತು. ನರ್ಸಕ್ಕ ಕಿಟಕಿಗೆ ಹಣೆ ಒತ್ತಿ ಹುಡುಕಿದಳು. ಹಳದಿ ಮನೆಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಅಜ್ಜಿಯದು ಯಾವುದೆಂದು ಅವಳಿಗೆ ಗುರುತು ಹತ್ತಲಿಲ್ಲ.