ಗೌಡಗೆರೆ ಡಬ್ಬಿಯ ಮೊದಲ ಸಹಿ

ನಮ್ಮ ಯಜಮಾನರು ಸಿದ್ದಗಂಗಯ್ಯನವರು ಮೂವತ್ತೆರಡು ವರ್ಷ ಸರ್ವೆಯರ್ ಕೆಲಸ ಮಾಡಿದವರು. ಕಂಡವರ ಹೊಲ ಅಳೆದೂ ಅಳೆದೂ ಸಾಕಾಗಿ, ರಿಟೈರಾದ ಮೇಲಾದರೂ ಮಧುಗಿರಿಯ ಮನೆಯಲ್ಲಿ ತಣ್ಣಗೆ ಕೂರುತ್ತಾರೆ ಅಂದುಕೊಂಡಿದ್ದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಸರ್ವಿಸ್ ಇನ್ನೂ ಒಂದು ವರ್ಷ ಇರುವಾಗಲೇ ಇವರಿಗೆ ಜಿಯೋಕ್ಯಾಶಿಂಗ್ ಹುಚ್ಚು ಹಿಡಿಯಿತು. ಹಿಡಿಸಿದವನು ಮೊಬೈಲ್ ಅಂಗಡಿ ರಂಗೇಶ. ಹೊಸ ಫೋನ್ ಮಾರಿದ, ಜೊತೆಗೆ ಈ ರೋಗವನ್ನೂ ಪುಕ್ಕಟೆ ಕೊಟ್ಟ.

ಆಟ ಏನು ಅಂದರೆ, ಒಬ್ಬರು ಎಲ್ಲೋ ಒಂದು ಕಡೆ ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪಿಗೆ ಹಾಕುತ್ತಾರೆ. ಉಳಿದವರು ಫೋನ್ ಹಿಡಿದು ಕಲ್ಲು ಮುಳ್ಳು ತುಳಿದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಸಹಿ ಹಾಕಿ, ಡಬ್ಬಿಯನ್ನು ಇದ್ದ ಕಡೆಯೇ ಇಟ್ಟು ಬರುತ್ತಾರೆ. ಮನೆಗೆ ಏನೂ ತರುವಂತಿಲ್ಲ. ಮನೆಯಿಂದ ಮಾತ್ರ ಹೋಗುತ್ತದೆ. ನನ್ನ ಉಪ್ಪಿನಕಾಯಿ ಡಬ್ಬಿಗಳು ಒಂದೊಂದಾಗಿ ಬೆಟ್ಟ ಹತ್ತಿವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಜರಡಿ ಹಿಡಿದರೂ ಈ ಹುಚ್ಚಿನವರು ಏಳೇ ಜನ. ಆದರೆ ಗತ್ತು ನೋಡಬೇಕು. ಹೊರಗಿನವರಿಗೆ ಗುಟ್ಟು ಬಿಟ್ಟುಕೊಡಬಾರದು ಅನ್ನುವುದು ಬಳಗದ ಮೊದಲ ನಿಯಮ. ಯಾರಾದರೂ ಏನು ಹುಡುಕುತ್ತಿದ್ದೀರಿ ಎಂದು ಕೇಳಿದರೆ ಹೇಳಬೇಕಾದ ಉತ್ತರವನ್ನು ಎಲ್ಲರಿಗೂ ಕಲಿಸಿಕೊಟ್ಟವರು ನಮ್ಮವರೇ. "ಅಳತೆ ಕೆಲಸ ಅನ್ನಿ. ಮುಂದಕ್ಕೆ ಯಾರೂ ಕೇಳಲ್ಲ." ಪಾವಗಡದ ಕಡೆ ಮಾತ್ರ ಈ ಮಂತ್ರ ನಡೆಯಲಿಲ್ಲ. "ಸೋಲಾರ್ ಕೋಸಮಾ ಸಾರ್?" ಎಂದು ತೆಲುಗಿನಲ್ಲಿ ಕೇಳುತ್ತಾ, ಸೋಲಾರ್ ಪಾರ್ಕಿಗೆ ಜಮೀನು ಕೊಡಲು ಹತ್ತು ಜನ ಪಹಣಿ ಹಿಡಿದು ಹಿಂದೆ ಬಿದ್ದರಂತೆ.

ಇಷ್ಟೆಲ್ಲ ಇದ್ದೂ ಇವರಿಗೊಂದು ಕೊರಗು. ಡಬ್ಬಿಯ ಪುಸ್ತಕದಲ್ಲಿ ಮೊದಲ ಸಹಿ ಹಾಕಿದವರಿಗೆ ಬಳಗದಲ್ಲಿ ಭಾರಿ ಮರ್ಯಾದೆ. ನಾಲ್ಕು ವರ್ಷದಲ್ಲಿ ನಮ್ಮವರು ಐವತ್ತೆಂಟು ಡಬ್ಬಿ ಹುಡುಕಿದ್ದಾರೆ, ಒಂದರಲ್ಲೂ ಮೊದಲ ಸಹಿ ಇವರದಲ್ಲ. ಪುಸ್ತಕ ತೆರೆದರೆ ಸಾಕು, ಹಸಿರು ಇಂಕಿನಲ್ಲಿ ರಂಗೇಶನ ಹೆಸರು ಹಲ್ಲು ಕಿರಿಯುತ್ತಿರುತ್ತದೆ. ತಾಲ್ಲೂಕೆಲ್ಲ ಅಳೆದವನಿಗಿಂತ ಮೊಬೈಲ್ ರಿಪೇರಿಯವನು ಮುಂದೆ ಹೋಗುವುದೇ ಎಂದು ಊಟ ಮಾಡುವಾಗಲೂ ಗೊಣಗುತ್ತಾರೆ. ನಾನು ನಗುತ್ತೇನೆ. ಆದರೆ ಆ ಮುಖ ನೋಡಿದರೆ ಒಳಗೊಳಗೇ ಅಯ್ಯೋ ಪಾಪ ಅನ್ನಿಸುತ್ತದೆ.

ಹೋದ ಶುಕ್ರವಾರ ಬೆಳಿಗ್ಗೆ, ಹೊಸ ಡಬ್ಬಿ ಬಂದಿದೆ ಎಂದು ಫೋನು ಕೂಗಿತು. ಕೊರಟಗೆರೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ತೇಜಸ್ವಿನಿ, ಬಳಗಕ್ಕೆ ಹೊಸಬಳು, ಗೌಡಗೆರೆ ಕಡೆಯ ಹೊಲದ ಬದುವಿನಲ್ಲಿ ಭಾನುವಾರವೇ ಡಬ್ಬಿ ಇಟ್ಟಿದ್ದಳು. ಆ್ಯಪಿನವರು ಪರಿಶೀಲಿಸಿ ಒಪ್ಪಿಗೆ ಕೊಟ್ಟಿದ್ದು ಆಗ. ರಂಗೇಶ ಅಂಗಡಿ ಸಾಮಾನು ತರಲು ತುಮಕೂರಿಗೆ ಹೋಗಿದ್ದಾನೆ ಎಂದು ಗೊತ್ತಾಗಿದ್ದೇ ತಡ, ಇವರು ತಿನ್ನುತ್ತಿದ್ದ ದೋಸೆ ಬಿಟ್ಟು ಎದ್ದರು.

"ಕಮಲಾ, ಹೊರಡು."

"ನಾನ್ಯಾಕ್ರೀ?"

"ಸ್ಕೂಟರ್ ಓಡಿಸ್ತಾ ಫೋನ್ ನೋಡೋಕಾಗುತ್ತಾ? ದಾರಿ ನೀನು ಹೇಳು."

ಈ ಸೀಮೆಯ ಗಡಿಕಲ್ಲುಗಳನ್ನೆಲ್ಲ ಹೆಸರಿಟ್ಟು ಕರೆಯಬಲ್ಲ ಮನುಷ್ಯನಿಗೆ ನಾನು ದಾರಿ ಹೇಳಿದೆ.

ಕಡಲೆಕಾಯಿ ಹೊಲಗಳ ಮಧ್ಯೆ ಸ್ಕೂಟರ್ ನಿಲ್ಲಿಸಿ ನಡೆದೆವು. ಫೋನಿನ ಬಾಣ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಇವರು ಬದುವಿನ ಮೇಲೆ ಬಗ್ಗಿ ಒಂದೊಂದೇ ಕಲ್ಲು ಎತ್ತಿ ನೋಡುತ್ತಾ, ಮುಳ್ಳು ಚುಚ್ಚಿದಾಗ ನನ್ನನ್ನು ಬೈಯುತ್ತಾ ಹೋದರು. ಕೊನೆಗೆ ಹೊಂಗೆ ಮರದ ಬುಡದ ಕಲ್ಲುಗುಡ್ಡೆಯಲ್ಲಿ ಡಬ್ಬಿ ಸಿಕ್ಕಿತು. ಅರವತ್ತಮೂರು ವರ್ಷದ ಮನುಷ್ಯ ಅಲ್ಲೇ ಒಂದು ಸುತ್ತು ಕುಣಿದರು.

"ಪೆನ್ನು ಕೊಡು ಕಮಲಾ, ಪೆನ್ನು!"

ಪುಸ್ತಕ ಬಿಚ್ಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲ ಪುಟ ಆಗಲೇ ತುಂಬಿತ್ತು. ಹಸಿರು ಇಂಕಲ್ಲ, ಯಾರೋ ಶಾಲೆ ಹುಡುಗಿಯ ದುಂಡನೆಯ ಅಕ್ಷರ. ನಾನೇ ಗಟ್ಟಿಯಾಗಿ ಓದಿದೆ.

"ಮಾನ್ಯ ಸರ್ವೆ ಸಾಹೇಬರಿಗೆ, ಸರ್ವೆ ನಂಬರ್ ನಲವತ್ತೇಳರ ಚಿಕ್ಕಹನುಮಕ್ಕ ಬೇಡಿಕೊಳ್ಳುವುದೇನೆಂದರೆ, ನನಗೂ ನನ್ನ ಮೈದುನ ಚಿಕ್ಕನರಸಯ್ಯನಿಗೂ ಬದುವಿನ ತಕರಾರು ಇದೆ. ಗಡಿ ಗೊತ್ತುಮಾಡಿಕೊಡಿ ಎಂದು ಅರ್ಜಿ ಕೊಟ್ಟು ನಾಲ್ಕು ವರ್ಷವಾಯಿತು. ಯಾರೂ ಬಂದಿಲ್ಲ. ದಯಮಾಡಿ ಅಳೆದು ಕಲ್ಲು ತೋರಿಸಿ."

ಕೆಳಗೆ ಪೆನ್ನಿನ ಇಂಕು ಬಳಿದು ಒತ್ತಿದ ಹೆಬ್ಬೆಟ್ಟು, ಸೋಮವಾರದ ತಾರೀಖು. ಮುಂದಿನ ಪುಟಗಳಲ್ಲಿ ಊರಿನವರ ಇನ್ನೂ ಐದು ಅರ್ಜಿ. ಒಬ್ಬರ ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಿದೆ, ಇನ್ನೊಬ್ಬರಿಗೆ ಬೀದಿದೀಪ ಬೇಕು. ನಾನು ನಕ್ಕು ನಕ್ಕು ಬದುವಿನ ಮೇಲೇ ಕೂತೆ. ಭಾನುವಾರ ಯಾರೋ ಕೇಳಿದ್ದಕ್ಕೆ ತೇಜಸ್ವಿನಿ, ಗುರುಗಳು ಕಲಿಸಿದಂತೆ, ಅಳತೆ ಕೆಲಸ ಅಂದಿರಬೇಕು. ಅವಳು ಹೋದ ಮೇಲೆ ಹಳ್ಳಿಯವರು ಕಲ್ಲು ಸರಿಸಿ ನೋಡಿದ್ದಾರೆ. ಡಬ್ಬಿಯೊಳಗೆ ಖಾಲಿ ಪುಸ್ತಕ. ಅರ್ಜಿ ಬರೆಯಲು ಇಟ್ಟುಹೋಗಿದ್ದಾರೆ ಅಂದುಕೊಂಡರೆ ಅವರದೇನು ತಪ್ಪು?

ಇವರು ನಗಲಿಲ್ಲ. "ಅವರ್ಯಾರೂ ಆ್ಯಪಿನ ಸದಸ್ಯರಲ್ಲ, ಲೆಕ್ಕಕ್ಕೆ ಬರಲ್ಲ. ರಟ್ಟಿನ ಮೇಲೆ ಸಹಿ ಹಾಕಿದ್ರೂ ನಾನೇ ಮೊದಲು" ಎಂದು ಪೆನ್ನಿನ ಟೋಪಿ ತೆಗೆದರು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಬಂದ್ರಾ ಸ್ವಾಮಿ! ಸೋಮ್ವಾರದಿಂದ ಕಾಯ್ತಾ ಇವ್ನಿ ಕಣಪ್ಪಾ."

ಕೈಯಲ್ಲಿ ಕುಡುಗೋಲು ಹಿಡಿದ ಮುದುಕಿ, ಅವಳೇ ಚಿಕ್ಕಹನುಮಕ್ಕ. ಪಕ್ಕದ ಹೊಲದಿಂದ ಮೈದುನ ಚಿಕ್ಕನರಸಯ್ಯನೂ ಬಂದ. "ಅಳೀಲಿ ಬುಡು, ಯಾರ್ದು ಸುಳ್ಳು ಅಂತ ಇವತ್ತೇ ಗೊತ್ತಾಗ್ಲಿ" ಎಂದು ಎದೆ ಸೆಟೆಸಿ ನಿಂತ.

ಇವರು ಪೆನ್ನು ಕೆಳಗಿಳಿಸಿ ಕೇಳಿದರು. "ಆವಾಗ ಅರ್ಜಿ ಯಾರ ಹತ್ರ ಇತ್ತಮ್ಮಾ?"

"ಅದ್ಯಾರೋ ಸಿದ್ದಗಂಗಯ್ಯ ಅಂತಿದ್ರಂತೆ. ಮೂರು ಕಿತ ಹೋದೆ. ಹೋದಾಗೆಲ್ಲ ಸಾಹೇಬ್ರು ಅಳತೆಗೆ ಹೋಗವ್ರೆ ಅಂದ್ರು. ಆಮೇಕೆ ರಿಟೈರ್ ಆಗ್ಬುಟ್ರು ಅಂದ್ರು."

ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ವರ್ಷ ಇವರು ಎಂಥ ಅಳತೆಗೆ ಹೋಗುತ್ತಿದ್ದರು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಡಬ್ಬಿ ತೊಳೆದು ಒಣಗಿಸಿ ಕೈಗೆ ಕೊಟ್ಟು ಕಳಿಸುತ್ತಿದ್ದವಳು ನಾನೇ. ತುಂಬಾ ನಾಚಿಕೆಯಾಯಿತು, ಇವರ ಬಗ್ಗೆಯೂ ನನ್ನ ಬಗ್ಗೆಯೂ.

"ನಾನೇ ಸಿದ್ದಗಂಗಯ್ಯ" ಅಂದರು ಇವರು. ದನಿ ಸಣ್ಣಗಾಗಿತ್ತು. "ಈಗ ಆಫೀಸಿನವನಲ್ಲ. ಇವತ್ತೂ ಅಳತೆಗೆ ಬಂದಿಲ್ಲ. ಈ ಡಬ್ಬಿ ಹುಡುಕೋ ಆಟಕ್ಕೆ ಬಂದೆ. ನಿಮ್ಮ ಅರ್ಜಿ ಟೇಬಲ್ ಮೇಲಿಟ್ಟು ಆವಾಗ್ಲೂ ಇದಕ್ಕೇ ಹೋಗ್ತಿದ್ದೆ."

ಮುದುಕಿ ಇವರನ್ನೇ ನೋಡಿದಳು. ನನ್ನ ಕಣ್ಣೆಲ್ಲ ಕುಡುಗೋಲಿನ ಮೇಲೆ.

"ಡಬ್ಬಿ ಹುಡ್ಕೋಕೆ ಇಷ್ಟು ದೂರ ಬತ್ತೀಯ. ನನ್ ಹೊಲಕ್ಕೆ ಬರಾಕಾಗ್ನಿಲ್ವಾ?"

ಸ್ವಾಮಿ ಹೋಗಿ ಏಕವಚನ ಬಂದಿತ್ತು. ಇವರು "ನಕ್ಷೆಯ ನಕಲು ಇದೆಯಾ? ಹಗ್ಗ ಇದೆಯಾ?" ಎಂದರು.

ನಕ್ಷೆ ಅವಳ ಮನೆಯಿಂದ ಬಂತು, ಬಾವಿಯ ಹಗ್ಗ ಮೈದುನನ ಮನೆಯಿಂದ. ಗಾಡಿ ದಾರಿಯ ಪಕ್ಕ ಇನ್ನೂ ನಿಂತಿದ್ದ ಹಳೆಯ ಗಡಿಕಲ್ಲಿನಿಂದ ಇವರು ಅಳೆಯುತ್ತಾ ಹೊರಟರು. ಫೋನು ಸ್ಕೂಟರಿನಲ್ಲೇ ಉಳಿಯಿತು. ಹಗ್ಗದ ಒಂದು ತುದಿ ನನ್ನ ಕೈಗೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಇವರು ಕೆಲಸ ಮಾಡುವುದನ್ನು ನೋಡಿದ್ದು ಅದೇ ಮೊದಲು. ಬಿಸಿಲಲ್ಲಿ ಎರಡು ಸಲ ಅಳೆದರು, ಒಮ್ಮೆ ಆ ತುದಿಯಿಂದ, ಒಮ್ಮೆ ಈ ತುದಿಯಿಂದ. ಆಮೇಲೆ ಹಿಮ್ಮಡಿಯಿಂದ ನೆಲಕ್ಕೆ ಗುರುತು ಒತ್ತಿ "ಇಲ್ಲಿ ಅಗಿ" ಅಂದರು.

ಚಿಕ್ಕನರಸಯ್ಯ ಅಗೆದ. ಒಂದೂವರೆ ಅಡಿ ಕೆಳಗೆ ಹಾರೆ ಠಣ್ ಅಂದಿತು. ಕಲ್ಲು ಹೂತುಹೋಗಿತ್ತು, ಅವನು ಇಷ್ಟು ದಿನ ತನ್ನದೆಂದು ಉಳುತ್ತಿದ್ದ ಸಾಲಿನೊಳಗೆ, ಈಗಿನ ಬದುವಿನಿಂದ ಎರಡು ಮಾರು ದೂರದಲ್ಲಿ. ಅವನು ಹಾರೆ ಪಕ್ಕಕ್ಕಿಟ್ಟ. "ಆಯ್ತು ಬುಡತ್ತಿಗೆ, ಬದ ಸರಿಸ್ಕಂತೀನಿ" ಅಂದ. ಅವಳು ಗುಂಡಿಯ ಪಕ್ಕ ಕೂತು ಸೆರಗಿನಿಂದ ಕಲ್ಲಿನ ಮಣ್ಣು ಒರೆಸಿದಳು.

"ಇದು ಆಫೀಸಿನ ಅಳತೆ ಅಲ್ಲಮ್ಮಾ" ಎಂದರು ಇವರು. "ಸೋಮವಾರ ನಾನೇ ಜೊತೆಗೆ ಬರ್ತೀನಿ, ಅರ್ಜಿ ಹುಡುಕಿಸ್ತೀನಿ."

"ಇವತ್ತಿಂದಕ್ಕೆ ಸೈನ್ ಹಾಕು."

"ನನ್ನ ಸಹಿಗೆ ಈಗ ಬೆಲೆ ಇಲ್ಲ."

"ನನ್ ಹೆಬ್ಬೆಟ್ಟಿಗೆ ಯಾವಾಗಿತ್ತು? ಹಾಕು."

ಇವರು ಡಬ್ಬಿಯ ಪುಸ್ತಕ ತೆಗೆದು, ಅವಳ ಹೆಬ್ಬೆಟ್ಟಿನ ಕೆಳಗೆ, ಕಲ್ಲು ತೋರಿಸಿದ್ದೇನೆ ಎಂದು ಬರೆದು ಸಹಿ ಹಾಕಿದರು. ಸ್ಕೂಟರ್ ಹತ್ತಿರ ಬರುವಷ್ಟರಲ್ಲಿ ಫೋನು ಕೂಗುತ್ತಿತ್ತು. ತುಮಕೂರಿನಿಂದ ರಂಗೇಶ. ಅವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಸಾರ್, ಕೊನೆಗೂ ನೀವೇ ಮೊದಲು, ಅಲ್ವಾ?"

"ಇಲ್ಲಪ್ಪಾ" ಎಂದರು ಇವರು. "ಚಿಕ್ಕಹನುಮಕ್ಕನವರು ಮೊದಲು. ನಾನು ನಾಲ್ಕು ವರ್ಷ ಲೇಟು."