ಎರಡು ಕ್ರೆಡಿಟ್‌ಗಳ ಮಾತೃಭಾಷೆ

ರಾತ್ರಿ ಹನ್ನೊಂದೂವರೆಗೆ ಮಗಳ ಲ್ಯಾಪ್‌ಟಾಪ್ ಟಿಣ್ ಎಂದಿತು. ಘಾಟ್ಕೋಪರಿನ ನಮ್ಮ ಮನೆಯಲ್ಲಿ ಅಷ್ಟು ಸಣ್ಣ ಸದ್ದಿಗೂ ಎದ್ದು ಕೂರುವವಳು ನಾನೊಬ್ಬಳೇ.

“ಅಮ್ಮಾ, ಎರಡು ಕ್ರೆಡಿಟ್ ಕಟ್ ಆಯ್ತು,” ಎಂದಳು ಯಕ್ಷಿತಾ. ಹನ್ನೆರಡಕ್ಕೆ ಪೋರ್ಟಲ್ ಮುಚ್ಚುತ್ತದೆ. ಅಷ್ಟರೊಳಗೆ ಎರಡು ಕ್ರೆಡಿಟ್‌ನ ಬೇರೊಂದು ವಿಷಯ ಆರಿಸದಿದ್ದರೆ ಅವಳು ಮೂರನೇ ವರ್ಷಕ್ಕೆ ಹೋಗುವಂತಿಲ್ಲ.

ತಪ್ಪು ನನ್ನದೇ. ಅವಳದು ದ್ವಿಭಾಷಾ ವಿಶ್ವವಿದ್ಯಾಲಯ. ಪ್ರತಿ ವಿಷಯವೂ ಇಂಗ್ಲಿಷಿನಲ್ಲೊಂದು, ಮರಾಠಿಯಲ್ಲೊಂದು. ಎರಡಕ್ಕೂ ಬೇರೆ ಬೇರೆ ಕೋಡ್. ನಾನು ಸ್ಕೇಲು ಹಿಡಿದು ಗೆರೆ ಎಳೆದು ಚಾರ್ಟ್ ಮಾಡಿದ್ದೆ. ೧೧೨ ಪರಿಸರ ಅಧ್ಯಯನ, ೩೪೭ ಕೂಡ ಪರಿಸರ ಅಧ್ಯಯನ. ಕೋಡ್ ಬೇರೆಯಾದ ಮೇಲೆ ಕ್ರೆಡಿಟ್ಟೂ ಬೇರೆ ಎಂದು ಎರಡಕ್ಕೂ ಅವಳ ಹೆಸರು ಸೇರಿಸಿದ್ದೆ. ಒಂದೇ ಪಾಠವನ್ನು ಎರಡು ಭಾಷೆಯಲ್ಲಿ ಕಲಿತರೂ ಕಲಿತದ್ದು ಒಂದೇ ಸಲ ಎಂದು ದ್ವಿಭಾಷಾ ಕಂಪ್ಯೂಟರಿಗೆ ಈಗ ಜ್ಞಾನೋದಯವಾಗಿತ್ತು.

ಇಪ್ಪತ್ತು ನಿಮಿಷ ಪಟ್ಟಿಯೆಲ್ಲ ಜಾಲಾಡಿದರೂ ಸೀಟು ಉಳಿದದ್ದು ಒಂದೇ ವಿಷಯದಲ್ಲಿ: ಕೋಡ್ ೪೧೮, ಆರಂಭಿಕ ಕನ್ನಡ, ಎರಡು ಕ್ರೆಡಿಟ್.

“ನೋಡು, ದೇವರಿದ್ದಾನೆ!” ಎಂದೆ.

“ಅರೇ, ಕೆಳಗೆ ಓದು ನಾ.”

ಕೆಳಗೆ, ಕನ್ನಡ ಮಾತೃಭಾಷೆಯವರಿಗೆ ಅವಕಾಶವಿಲ್ಲ ಎಂದಿತ್ತು.

ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಮಾಟುಂಗದ ಕನ್ನಡ ಸಂಘದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಮನೆಯಲ್ಲಿ ಕನ್ನಡವನ್ನೇ ಆಡಿ ಎಂದು ತಾಯಂದಿರಿಗೆ ಬುದ್ಧಿ ಹೇಳುವವಳೂ ನಾನೇ.

“ಮಾತೃಭಾಷೆ ಏನು ಹಾಕಲಿ? ಜಲ್ದಿ ಬೋಲೋ, ಆರು ಮಿನಿಟ್ ಇದೆ.”

“ಸುಳ್ಳು ಬರೀಬೇಕಾ?”

“ಸುಳ್ಳು ಕಹಾಂ? ನೀನು ಊಟಕ್ಕೆ ಬಾ ಅಂದ್ರೆ ನಾನು ‘ಆತೀ ಹೂಂ’ ಅಂತೀನಿ. ಹಿಂದೀನೇ ಅಲ್ವಾ?”

ಗಡಿಯಾರ ನೋಡಿದೆ, ನಾಲ್ಕೇ ನಿಮಿಷ ಉಳಿದಿತ್ತು. ಕೊನೆಗೆ ಮೌಸ್ ಕಿತ್ತುಕೊಂಡು ಹಿಂದಿಯನ್ನು ನಾನೇ ಒತ್ತಿದೆ. ಪರದೆ ಸ್ವಲ್ಪ ಹೊತ್ತು ಯೋಚಿಸಿ ನಮ್ಮನ್ನು ಅಭಿನಂದಿಸಿತು, ಇಂಗ್ಲಿಷಿನಲ್ಲೊಮ್ಮೆ, ಮರಾಠಿಯಲ್ಲೊಮ್ಮೆ.

“ಅಮ್ಮಾ, ಫಸ್ಟ್ ಅಸೈನ್‌ಮೆಂಟ್ ‘ನನ್ನ ತಾಯಿ’. ಐದು ವಾಕ್ಯ. ಲಿಖ್ ದೋಗೀ?”

“ಬರೆದುಕೊಡ್ತೀನಿ. ಅನುಮಾನ ಬರದ ಹಾಗೆ ಎರಡು ತಪ್ಪೂ ಹಾಕ್ತೀನಿ.”

ಭಾನುವಾರ ಸಂಘದ ಕಾರ್ಯದರ್ಶಿ ವೆಂಕಟಸುಬ್ಬಯ್ಯನವರು ಕಾಫಿ ಕೈಗಿಡುತ್ತಾ, “ಮಗಳು ಈ ಸಲ ಏನು ತಗೊಂಡಿದ್ದಾಳೆ, ಟೀಚರಮ್ಮ?” ಎಂದರು.

“ನಾನೂರ ಹದಿನೆಂಟು.”

“ಭೇಷ್, ಕಷ್ಟದ್ದೇ ಇರಬೇಕು,” ಎಂದು ಗೌರವದಿಂದ ತಲೆಯಾಡಿಸಿದರು.

ವಿಶ್ವವಿದ್ಯಾಲಯ ವಿಷಯಗಳಿಗೆ ಕೋಡ್ ಏಕೆ ಕೊಡುತ್ತದೆಂದು ಆಗ ಅರ್ಥವಾಯಿತು. ಕಾಫಿ ಮುಗಿಸುವುದರೊಳಗೆ ನಿರ್ಧರಿಸಿದೆ: ಆ ರಾತ್ರಿ ನಿದ್ದೆ ಹೊಡೆಯುತ್ತಿದ್ದ ನನ್ನ ಗಂಡ ಶೇಖರನಿಗೂ, ಯಾರೊಬ್ಬರಿಗೂ, ಇದನ್ನು ಹೇಳುವುದಿಲ್ಲ.